ಗಡಿ ಮತ್ತು ಮತಗಟ್ಟೆ: ಅಮೆರಿಕದ ಎರಡು ಬಹುಮತಗಳ ಕುರಿತು ಒಂದು ಟಿಪ್ಪಣಿ

ಅಮೆರಿಕದ ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ಕೆಲವು ವರ್ಷಗಳಿಂದ ಎರಡು ಪ್ರಶ್ನೆಗಳು ಜೋಡಿಯಾಗಿ ಓಡಾಡುತ್ತಿವೆ. ಮೆಕ್ಸಿಕೊ ಗಡಿಯ ಕಾವಲನ್ನು ಬಿಗಿ ಮಾಡಬೇಕೇ ಎಂಬುದು ಒಂದು. ಮತ ಹಾಕಲು ಬಂದವರು ಭಾವಚಿತ್ರವಿರುವ ಗುರುತಿನ ಚೀಟಿ ತೋರಿಸಬೇಕೇ ಎಂಬುದು ಇನ್ನೊಂದು. 2024ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಎರಡಕ್ಕೂ ಭಾರೀ ಬಹುಮತವಿತ್ತು. ಆ ವರ್ಷದ ಜೂನ್‌ನಲ್ಲಿ ಗ್ಯಾಲಪ್ ಸಂಸ್ಥೆ ಕೇಳಿದಾಗ ಗಡಿ ಗಸ್ತಿಗೆ ಇನ್ನೂ ಹೆಚ್ಚು ಸಿಬ್ಬಂದಿ ಬೇಕು ಎಂದವರು ಶೇ. 76. ಅಕ್ಟೋಬರ್‌ನಲ್ಲಿ ಅದೇ ಸಂಸ್ಥೆ ಕೇಳಿದಾಗ ಮತಗಟ್ಟೆಯಲ್ಲಿ ಗುರುತಿನ ಚೀಟಿ ಬೇಕು ಎಂದವರು ಶೇ. 84. ರಾಜಕೀಯ ಭಾಷಣಗಳಲ್ಲಿ ಈ ಎರಡು ಅಂಕಿಗಳನ್ನು ಒಟ್ಟಿಗೆ ಹೇಳಿ, ಎರಡರಿಂದಲೂ ಒಂದೇ ತೀರ್ಮಾನ ತೆಗೆಯುವುದು ರೂಢಿಯಾಗಿದೆ. ಈ ಟಿಪ್ಪಣಿ ಆ ರೂಢಿಯನ್ನು ಒಪ್ಪುವುದಿಲ್ಲ. ಗಡಿಯ ಬಗೆಗಿನ ಬಹುಮತ ಪರಿಸ್ಥಿತಿ ಬದಲಾದಂತೆ ಏರುತ್ತದೆ, ಇಳಿಯುತ್ತದೆ. ಗುರುತಿನ ಚೀಟಿಯ ಬಗೆಗಿನ ಬಹುಮತ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ. ಆದರೆ ಕಾನೂನಿನ ನಿಜವಾದ ಕಲಮುಗಳು ಮತದಾರನ ಮುಂದೆ ಬಂದಾಗ ಅದು ಎಷ್ಟು ಉಳಿಯುತ್ತದೆ ಎಂಬುದು ಬೇರೆ ಮಾತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಎರಡೂ ತಪ್ಪಾಗಿ ಅರ್ಥವಾಗುತ್ತವೆ.

ಕನ್ನಡದ ಓದುಗರಿಗೆ ಇಲ್ಲಿ ಸಹಜವಾಗಿ ಏಳುವ ಪ್ರಶ್ನೆಯನ್ನು ಮೊದಲೇ ಎತ್ತಿಕೊಳ್ಳುತ್ತೇನೆ. ವೋಟರ್ ಐಡಿ ತೋರಿಸುವುದರಲ್ಲಿ ತಕರಾರೇನು? ನಮ್ಮಲ್ಲಿ ಟಿ.ಎನ್. ಶೇಷನ್ ಅವರ ಕಾಲದಲ್ಲಿ, 1993ರಲ್ಲಿ, ಭಾವಚಿತ್ರವಿರುವ ಮತದಾರರ ಗುರುತಿನ ಚೀಟಿ ಆರಂಭವಾಯಿತು. ಚೀಟಿ ಕೊಡುವ ಹೊಣೆ ಚುನಾವಣಾ ಆಯೋಗದ್ದು. ಮನೆಮನೆಗೆ ಬರುವ ಬೂತ್ ಮಟ್ಟದ ಅಧಿಕಾರಿ ಇದ್ದಾರೆ. ಚೀಟಿ ಕಳೆದಿದ್ದರೆ ಫೋಟೊ ಇರುವ ಅಂಚೆ ಕಚೇರಿ ಪಾಸ್‌ಬುಕ್, ನರೇಗಾ ಉದ್ಯೋಗ ಚೀಟಿ, ಪಿಂಚಣಿ ದಾಖಲೆ, ಹೀಗೆ ಹಲವು ಪರ್ಯಾಯಗಳಿವೆ. ಅಮೆರಿಕದಲ್ಲಿ ಇಂಥ ವ್ಯವಸ್ಥೆ ಇಲ್ಲ. ದೇಶಕ್ಕೆಲ್ಲ ಚುನಾವಣೆ ನಡೆಸುವ ಒಂದು ಆಯೋಗವಿಲ್ಲ. 50 ರಾಜ್ಯಗಳು ಐವತ್ತು ಬಗೆಯ ನಿಯಮ ಮಾಡಿಕೊಂಡಿವೆ, ಅದನ್ನು ಜಾರಿ ಮಾಡುವವರು ಕೌಂಟಿಗಳ ಅಧಿಕಾರಿಗಳು. ರಾಷ್ಟ್ರೀಯ ಗುರುತಿನ ಚೀಟಿ ಎಂಬ ಕಲ್ಪನೆಯನ್ನು ಅಲ್ಲಿನ ಎಡದವರೂ ಬಲದವರೂ ಬೇರೆ ಬೇರೆ ಕಾರಣಗಳಿಗಾಗಿ ವಿರೋಧಿಸುತ್ತ ಬಂದಿದ್ದಾರೆ. ಹಾಗಾಗಿ ವ್ಯವಹಾರದಲ್ಲಿ ಗುರುತಿನ ಚೀಟಿ ಎಂದರೆ ಚಾಲನಾ ಪರವಾನಗಿ. ಕಾರು ಓಡಿಸದ ವೃದ್ಧರು, ಊರೊಳಗಿನ ಬಡವರು, ವಿದ್ಯಾರ್ಥಿಗಳು ಅಲ್ಲಿ ಹೊರಗುಳಿಯುತ್ತಾರೆ. ಯಾವ ಚೀಟಿ ನಡೆಯುತ್ತದೆ ಎಂಬುದನ್ನು ಶಾಸಕರು ಗೊತ್ತುಮಾಡುತ್ತಾರೆ, ರಾಜಕೀಯ ನುಸುಳುವುದು ಅಲ್ಲೇ. ಟೆಕ್ಸಾಸ್ 2011ರಲ್ಲಿ ಮಾಡಿದ ಕಾನೂನಿನಲ್ಲಿ ಬಂದೂಕು ಪರವಾನಗಿ ನಡೆಯುತ್ತಿತ್ತು, ಸರ್ಕಾರಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಚೀಟಿ ನಡೆಯುತ್ತಿರಲಿಲ್ಲ. ಉತ್ತರ ಡಕೋಟದಲ್ಲಿ ಚೀಟಿಯ ಮೇಲೆ ಬೀದಿಯ ವಿಳಾಸ ಇರಲೇಬೇಕೆಂದು ನಿಯಮ ಬಂತು. ಆದಿವಾಸಿ ಮೀಸಲು ಪ್ರದೇಶಗಳಲ್ಲಿ ಅನೇಕರಿಗೆ ಇರುವುದು ಅಂಚೆ ಪೆಟ್ಟಿಗೆಯ ಸಂಖ್ಯೆ ಮಾತ್ರ. (ದಾಖಲೆಯ ವಿಷಯದಲ್ಲಿ ನಮ್ಮ ನಿಶ್ಚಿಂತೆಯೂ ಹಳೆಯದಾಯಿತು. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ಎಬ್ಬಿಸಿದ ಪ್ರಶ್ನೆಗಳು ಇವಕ್ಕೆ ತೀರ ದೂರದವಲ್ಲ. ಅದಕ್ಕೆ ಬೇರೆಯೇ ಟಿಪ್ಪಣಿ ಬೇಕು.)

ಈಗ ಗಡಿಯ ವಿಷಯ. ಇಲ್ಲಿ ಆಧಾರ ಸಾಮಗ್ರಿ ಸಮೃದ್ಧವಾಗಿದೆ, ಏಕೆಂದರೆ ಗ್ಯಾಲಪ್ ಸಂಸ್ಥೆ ದಶಕಗಳಿಂದ ಒಂದೇ ಮಾತುಗಳಲ್ಲಿ ಒಂದೇ ಪ್ರಶ್ನೆ ಕೇಳುತ್ತ ಬಂದಿದೆ: ವಲಸೆಯನ್ನು ಹೆಚ್ಚಿಸಬೇಕೇ, ತಗ್ಗಿಸಬೇಕೇ, ಈಗಿದ್ದಷ್ಟೇ ಇಡಬೇಕೇ? ತಗ್ಗಿಸಬೇಕು ಎಂದವರು 2020ರಲ್ಲಿ ಶೇ. 28 ಇದ್ದರು, ಆ ವರ್ಷ ಹೆಚ್ಚಿಸಬೇಕು ಎಂದವರೇ ಮೊದಲ ಬಾರಿಗೆ ಅವರನ್ನು ಮೀರಿದ್ದರು. 2023ರಲ್ಲಿ ತಗ್ಗಿಸಬೇಕೆಂಬವರ ಪಾಲು ಶೇ. 41 ಆಯಿತು, 2024ರಲ್ಲಿ ಶೇ. 55. ಅವಳಿ ಗೋಪುರಗಳ ಮೇಲಿನ ದಾಳಿಯ ಬೆನ್ನಲ್ಲೇ 2001ರಲ್ಲಿ ನಡೆದ ಸಮೀಕ್ಷೆಯ ನಂತರ ಅಷ್ಟು ಎತ್ತರದ ಅಂಕಿ ಬಂದಿರಲಿಲ್ಲ. 2025ರ ಜೂನ್‌ನಲ್ಲಿ ಮತ್ತೆ ಕೇಳಿದರೆ ಅದು ಶೇ. 30ಕ್ಕೆ ಬಿದ್ದಿತ್ತು. ಒಂದೇ ವರ್ಷದಲ್ಲಿ 25 ಅಂಶಗಳ ಇಳಿತ. ರಿಪಬ್ಲಿಕನ್ ಬೆಂಬಲಿಗರಲ್ಲೇ ಅದು ಶೇ. 88ರಿಂದ 48ಕ್ಕೆ ಇಳಿದಿತ್ತು ಎಂಬುದನ್ನು ಗಮನಿಸಬೇಕು. ಉಳಿದ ಪ್ರಶ್ನೆಗಳೂ ಅದೇ ದಿಕ್ಕು ಹಿಡಿದವು. ಗಡಿ ಗೋಡೆಯನ್ನು ವಿಸ್ತರಿಸಬೇಕು ಎಂದವರು ಶೇ. 53ರಿಂದ 45ಕ್ಕೆ, ಗಸ್ತಿನ ಸಿಬ್ಬಂದಿ ಹೆಚ್ಚಿಸಬೇಕು ಎಂದವರು 76ರಿಂದ 59ಕ್ಕೆ, ಅಕ್ರಮವಾಗಿ ನೆಲೆಸಿದ ಎಲ್ಲರನ್ನೂ ಹೊರಗಟ್ಟಬೇಕು ಎಂದವರು 47ರಿಂದ 38ಕ್ಕೆ ಇಳಿದರು. ಅವರಿಗೆ ಪೌರತ್ವದ ದಾರಿ ತೆರೆಯಬೇಕು ಎಂದವರು 70ರಿಂದ 78ಕ್ಕೆ ಏರಿದರು.

ಈ ನಡುವೆ ಗಡಿಯಲ್ಲಿ ಆದದ್ದೇನು? 2023ರ ಡಿಸೆಂಬರ್ ಒಂದೇ ತಿಂಗಳಲ್ಲಿ ಗಡಿ ಗಸ್ತಿನವರು ದಕ್ಷಿಣದ ಗಡಿಯಲ್ಲಿ ಸುಮಾರು ಎರಡೂವರೆ ಲಕ್ಷ ಮಂದಿಯನ್ನು ಎದುರಿಸಿದ್ದರು. 2024ರ ಫೆಬ್ರವರಿಯಲ್ಲಿ ಪ್ಯೂ ಸಂಶೋಧನಾ ಕೇಂದ್ರ ಪ್ರಕಟಿಸಿದ ವರದಿಯಲ್ಲಿ ಸರ್ಕಾರ ಗಡಿಯ ಪರಿಸ್ಥಿತಿಯನ್ನು ಕೆಟ್ಟದಾಗಿ ನಿಭಾಯಿಸುತ್ತಿದೆ ಎಂದವರು ಶೇ. 80. ಆಮೇಲೆ ಮೆಕ್ಸಿಕೊ ತನ್ನ ಕಡೆಯಿಂದ ತಡೆ ಬಿಗಿ ಮಾಡಿತು. ಜೂನ್‌ನಲ್ಲಿ ಬೈಡನ್ ಆಶ್ರಯದ ಅರ್ಜಿಗಳ ಮೇಲೆ ನಿರ್ಬಂಧ ಹೇರಿದರು. 2025ರ ಜನವರಿಯಲ್ಲಿ ಟ್ರಂಪ್ ಅಧಿಕಾರಕ್ಕೆ ಬಂದರು. ಆ ವರ್ಷದ ಬೇಸಿಗೆಯ ಹೊತ್ತಿಗೆ ತಿಂಗಳ ಸಂಖ್ಯೆ ಹತ್ತು ಸಾವಿರದ ಒಳಗಿತ್ತು. ಇತ್ತ ದೇಶದೊಳಗಿನ ನಗರಗಳಲ್ಲಿ ಬಂಧನ ಮತ್ತು ಗಡೀಪಾರಿನ ಕಾರ್ಯಾಚರಣೆಗಳು ಕಣ್ಣಿಗೆ ಹೊಡೆಯುವಂತೆ ಆರಂಭವಾಗಿದ್ದವು.

ರಾಜ್ಯಶಾಸ್ತ್ರಜ್ಞ ಕ್ರಿಸ್ಟೊಫರ್ ವ್ಲೇಜಿಯನ್ 1995ರಲ್ಲಿ ಬರೆದ ಒಂದು ಲೇಖನದಲ್ಲಿ ಜನಾಭಿಪ್ರಾಯವನ್ನು ಥರ್ಮೋಸ್ಟ್ಯಾಟ್‌ಗೆ ಹೋಲಿಸಿದ್ದರು. ಸ್ನಾನದ ಮನೆಯ ಗೀಸರ್‌ನಲ್ಲಿರುವ ಅದೇ ಸಾಧನ: ನೀರು ತಣ್ಣಗಾದರೆ ಬೆಂಕಿ ಹಚ್ಚು ಎನ್ನುತ್ತದೆ, ಬಿಸಿಯಾದರೆ ಸಾಕು ಎನ್ನುತ್ತದೆ. ಸರ್ಕಾರ ಒಂದು ದಿಕ್ಕಿನಲ್ಲಿ ಹೆಚ್ಚು ಹೋದಷ್ಟೂ ಜನ 'ಇನ್ನಷ್ಟು' ಎನ್ನುವುದು ಕಡಿಮೆಯಾಗುತ್ತದೆ. ಅವರ ಮೂಲ ಆದ್ಯತೆ ಬದಲಾಗಿರಬೇಕೆಂದೇನೂ ಇಲ್ಲ. ಕೇಳಿದ ಪ್ರಶ್ನೆಯೇ ಸಾಪೇಕ್ಷವಾದದ್ದು. ಗಡಿಯ ಅಂಕಿಗಳು ಈ ಮಾದರಿಗೆ ಪಠ್ಯಪುಸ್ತಕದ ಉದಾಹರಣೆಯಂತೆ ಹೊಂದುತ್ತವೆ. ಆದ್ದರಿಂದ 2024ರ ಶೇ. 55ನ್ನು ಅಮೆರಿಕನ್ನರು ವಲಸೆಯ ವಿರೋಧಿಗಳಾದರು ಎಂದಾಗಲಿ, 2025ರ ಶೇ. 30ನ್ನು ಅವರು ಮನಸ್ಸು ಬದಲಿಸಿದರು ಎಂದಾಗಲಿ ಓದುವುದು ಅವಸರದ ಓದು. 2024ರಲ್ಲಿ ಜನ ಕೇಳಿದ್ದು ಗಡಿಯಲ್ಲಿ ಒಂದು ಕ್ರಮ ಇರಲಿ ಎಂದು. ಅದು ಬಂತು ಎನಿಸಿದ ಮೇಲೆ ಬೇಡಿಕೆಯ ಬಿಸಿ ಆರಿತು. ನನ್ನ ಅಂದಾಜಿನಲ್ಲಿ ಮುಂದೆ ಗಡಿ ಮತ್ತೆ ಸಡಿಲವಾದಂತೆ ಕಂಡರೆ ಅಂಕಿಯೂ ಮತ್ತೆ ಏರುತ್ತದೆ, ಯಾವ ಪಕ್ಷ ಅಧಿಕಾರದಲ್ಲಿದ್ದರೂ.

ಗುರುತಿನ ಚೀಟಿಯ ಅಂಕಿಗಳಿಗೆ ಇಂಥ ಉಬ್ಬರವಿಳಿತವೇ ಇಲ್ಲ. ಗ್ಯಾಲಪ್‌ನಲ್ಲಿ 2016ಕ್ಕೆ ಶೇ. 80, 2022ಕ್ಕೆ 79, 2024ಕ್ಕೆ 84. ಪ್ಯೂ ಕೇಂದ್ರದ ಸರಣಿಯಲ್ಲಿ 2018ಕ್ಕೂ 2021ಕ್ಕೂ 76, 2024ಕ್ಕೆ 81, 2025ಕ್ಕೆ 83. ನಡುವೆ ಒಂದು ಮಹಾಮಾರಿ ಬಂದುಹೋಯಿತು, 2020ರ ಫಲಿತಾಂಶದ ಬಗ್ಗೆ ದೇಶವೇ ಇಬ್ಭಾಗವಾಯಿತು, 2021ರ ಜನವರಿ 6ರಂದು ಸಂಸತ್ ಭವನಕ್ಕೆ ಜನ ನುಗ್ಗಿದರು. ಆದರೂ ಈ ಗೆರೆ ಹೆಚ್ಚು ಅಲುಗಲಿಲ್ಲ. ಪಕ್ಷಭೇದವೂ ಇಲ್ಲಿ ಮಿತವಾದದ್ದು. ಗ್ಯಾಲಪ್‌ನ 2024ರ ಸಮೀಕ್ಷೆಯಲ್ಲಿ ರಿಪಬ್ಲಿಕನ್ನರಲ್ಲಿ ಶೇ. 98, ಡೆಮಾಕ್ರಟರಲ್ಲಿ ಶೇ. 67. ಅಂದರೆ ಡೆಮಾಕ್ರಟಿಕ್ ನಾಯಕತ್ವ ಸಂಸತ್ತಿನಲ್ಲಿ ವಿರೋಧಿಸುವ ವಿಷಯಕ್ಕೆ ಅದೇ ಪಕ್ಷದ ಮೂರನೇ ಎರಡು ಭಾಗದಷ್ಟು ಬೆಂಬಲಿಗರ ಸಮ್ಮತಿ ಇದೆ. ಇದನ್ನು ಆ ಪಕ್ಷದವರು ಲಘುವಾಗಿ ತೆಗೆದುಕೊಳ್ಳುತ್ತಾರೆ ಎಂಬುದು ನನಗೆ ಅಚ್ಚರಿಯ ಸಂಗತಿ. 2005ರಲ್ಲಿ ಜಿಮ್ಮಿ ಕಾರ್ಟರ್ ಮತ್ತು ಜೇಮ್ಸ್ ಬೇಕರ್ ಜಂಟಿಯಾಗಿ ಮುನ್ನಡೆಸಿದ ಆಯೋಗವೂ ಭಾವಚಿತ್ರದ ಚೀಟಿ ಬೇಕೆಂದೇ ಶಿಫಾರಸು ಮಾಡಿತ್ತು. ಜೊತೆಗೆ, ಇಲ್ಲದವರಿಗೆ ಸರ್ಕಾರವೇ ಅದನ್ನು ಪುಕ್ಕಟೆಯಾಗಿ, ಸುಲಭವಾಗಿ ತಲುಪಿಸಬೇಕು ಎಂದೂ ಹೇಳಿತ್ತು. ಶಿಫಾರಸಿನ ಮೊದಲ ಅರ್ಧವನ್ನು ಶಾಸನಸಭೆಗಳು ಉತ್ಸಾಹದಿಂದ ಎತ್ತಿಕೊಂಡವು.

ಗ್ಯಾಲಪ್ 2024ರಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಿತ್ತು: ಮೊದಲ ಸಲ ಮತದಾರರಾಗಿ ನೋಂದಾಯಿಸಿಕೊಳ್ಳುವವರು ಪೌರತ್ವದ ದಾಖಲೆ ಕೊಡಬೇಕೇ? ಇದಕ್ಕೆ ಹೌದು ಎಂದವರು ಶೇ. 83. ಚೀಟಿಗೆ 84, ಪೌರತ್ವದ ದಾಖಲೆಗೆ 83. ಉತ್ತರಿಸಿದವರ ಮನಸ್ಸಿನಲ್ಲಿ ಎರಡೂ ಒಂದೇ ವಿಷಯ ಎನ್ನುವಷ್ಟು ಹತ್ತಿರದ ಅಂಕಿಗಳು. ಆಡಳಿತದ ದೃಷ್ಟಿಯಿಂದ ಇವೆರಡರ ನಡುವೆ ಅಜಗಜಾಂತರವಿದೆ. ಚಾಲನಾ ಪರವಾನಗಿ ಬಹುಪಾಲು ಜನರ ಕಿಸೆಯಲ್ಲಿ ಇರುತ್ತದೆ. ಆದರೆ ಹೆಚ್ಚಿನ ರಾಜ್ಯಗಳ ಪರವಾನಗಿ ಪೌರತ್ವವನ್ನು ಸಾಬೀತುಪಡಿಸುವುದಿಲ್ಲ. ಅಂಥ ವಿಶೇಷ ಪರವಾನಗಿ ಕೊಡುವ ರಾಜ್ಯಗಳು ಐದೇ. ಪಾಸ್‌ಪೋರ್ಟ್ ಇರುವುದು ಸುಮಾರು ಅರ್ಧದಷ್ಟು ಅಮೆರಿಕನ್ನರಲ್ಲಿ. ಉಳಿದವರು ಜನನ ಪ್ರಮಾಣಪತ್ರ ಹುಡುಕಬೇಕು. ಮದುವೆಯ ನಂತರ ಹೆಸರು ಬದಲಿಸಿಕೊಂಡ ಹೆಂಗಸರಾದರೆ ಅದರ ಜೊತೆ ಮದುವೆಯ ದಾಖಲೆಯನ್ನೂ ಲಗತ್ತಿಸಬೇಕು. ಬ್ರೆನನ್ ಕೇಂದ್ರ ಮತ್ತು ಅದರ ಸಹವರ್ತಿಗಳು 2023ರಲ್ಲಿ ಮಾಡಿಸಿದ ಸಮೀಕ್ಷೆಯ ಅಂದಾಜಿನಂತೆ 2 ಕೋಟಿ 13 ಲಕ್ಷ ವಯಸ್ಕ ನಾಗರಿಕರಿಗೆ, ಅಂದರೆ ಶೇ. 9ರಷ್ಟು ಮಂದಿಗೆ, ಪೌರತ್ವದ ದಾಖಲೆ ಕೈಗೆಟುಕುವಂತಿಲ್ಲ. ಬ್ರೆನನ್ ಕೇಂದ್ರ ಈ ಕಾನೂನುಗಳನ್ನು ವಿರೋಧಿಸುವ ಸಂಸ್ಥೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಅದಕ್ಕಾಗಿಯೇ ಅಂದಾಜುಗಳಿಗಿಂತ ಕಾನೂನು ನಿಜಕ್ಕೂ ಜಾರಿಯಾದ ರಾಜ್ಯಗಳನ್ನು ನೋಡುವುದು ಹೆಚ್ಚು ಫಲದಾಯಕ.

ಗಡಿಯ ಪ್ರಶ್ನೆ ಮತ್ತು ಮತಗಟ್ಟೆಯ ಪ್ರಶ್ನೆ ಒಂದೇ ಮತಪತ್ರದಲ್ಲಿ ಗಂಟುಬಿದ್ದದ್ದು ಅರಿಜೋನದಲ್ಲಿ. 2004ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರು ಪ್ರಸ್ತಾವ 200ನ್ನು ಸುಮಾರು ಶೇ. 56ರ ಬಹುಮತದಿಂದ ಅಂಗೀಕರಿಸಿದರು. ಅದರಲ್ಲಿ ಸರ್ಕಾರಿ ಸೌಲಭ್ಯ ಕೇಳುವವರ ವಲಸೆ ಸ್ಥಿತಿಯನ್ನು ಪರಿಶೀಲಿಸಬೇಕೆಂಬ ಕಲಮಿತ್ತು. ಮತಗಟ್ಟೆಯಲ್ಲಿ ಗುರುತು ತೋರಿಸಬೇಕು, ನೋಂದಣಿಗೆ ಪೌರತ್ವದ ದಾಖಲೆ ಕೊಡಬೇಕು ಎಂಬ ಕಲಮುಗಳೂ ಇದ್ದವು. ಗಡಿಯಾಚೆಯಿಂದ ಬಂದವರು ಸೌಲಭ್ಯಕ್ಕೂ ಮತಕ್ಕೂ ಕೈಹಾಕುತ್ತಿದ್ದಾರೆ ಎಂಬ ಒಂದೇ ಆತಂಕದ ಎಳೆಯಲ್ಲಿ ಇವನ್ನೆಲ್ಲ ಪೋಣಿಸಲಾಗಿತ್ತು. ಆಮೇಲೆ ನಡೆದದ್ದು ದೀರ್ಘ ವ್ಯಾಜ್ಯ. 2013ರಲ್ಲಿ ಸುಪ್ರೀಂ ಕೋರ್ಟ್ 7-2ರ ತೀರ್ಪಿನಲ್ಲಿ, ಒಕ್ಕೂಟ ಸರ್ಕಾರದ ನೋಂದಣಿ ಅರ್ಜಿ ತುಂಬಿದವರಿಂದ ರಾಜ್ಯ ಹೆಚ್ಚಿನ ದಾಖಲೆ ಕೇಳುವಂತಿಲ್ಲ ಎಂದಿತು. ಬಹುಮತದ ತೀರ್ಪು ಬರೆದವರು ಸಂಪ್ರದಾಯವಾದಿಗಳ ಆರಾಧ್ಯ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ. ಆ ಅರ್ಜಿಯಲ್ಲಿ ತಾನು ಪೌರನೆಂದು ಪ್ರಮಾಣ ಮಾಡಿದರೆ ಸಾಕು, ಸುಳ್ಳಾದರೆ ಶಿಕ್ಷೆ. ರಾಜ್ಯ ಬಿಡಲಿಲ್ಲ, ಎರಡು ದರ್ಜೆಯ ಮತದಾರರನ್ನು ಸೃಷ್ಟಿಸಿತು. ದಾಖಲೆ ಕೊಡದವರು ಅಧ್ಯಕ್ಷ ಮತ್ತು ಸಂಸತ್ತಿನ ಚುನಾವಣೆಗೆ ಮಾತ್ರ ಮತ ಹಾಕಬಹುದು, ರಾಜ್ಯದ ಚುನಾವಣೆಗೆ ಇಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಈ ವ್ಯವಸ್ಥೆಯ ಒಂದು ವಿಚಿತ್ರ ಹೊರಬಿತ್ತು. 1996ರ ಅಕ್ಟೋಬರ್‌ಗೆ ಮೊದಲು ಚಾಲನಾ ಪರವಾನಗಿ ಪಡೆದಿದ್ದ ಹಲವರು ಪೌರತ್ವದ ದಾಖಲೆ ಕೊಟ್ಟೇ ಇರಲಿಲ್ಲ. ಕಂಪ್ಯೂಟರ್ ವ್ಯವಸ್ಥೆಯ ದೋಷದಿಂದ ಅವರು ಕೊಟ್ಟಿದ್ದಾರೆ ಎಂದೇ ಎಣಿಕೆಯಾಗುತ್ತಿತ್ತು. ಮೊದಲು ಸಿಕ್ಕ ಸಂಖ್ಯೆ 98,000, ಕೆಲ ದಿನಗಳಲ್ಲಿ ಅದು ಸುಮಾರು 2,18,000 ಆಯಿತು. ಇವರು ಅಲ್ಲೇ ದಶಕಗಳಿಂದ ಬಾಳಿದವರು, ಹೆಚ್ಚಿನವರು ನಡುವಯಸ್ಸು ದಾಟಿದವರು, ಪಕ್ಷವಾರು ನೋಡಿದರೆ ರಿಪಬ್ಲಿಕನ್ನರೇ ಹೆಚ್ಚು. ಹೊರಗಿನವರನ್ನು ತಡೆಯಲೆಂದು ಕಟ್ಟಿದ ಬಾಗಿಲಿನ ಹೊರಗೆ ಮನೆಯವರೇ ನಿಂತಿದ್ದರು. ರಾಜ್ಯದ ಸುಪ್ರೀಂ ಕೋರ್ಟ್ ಅವರಿಗೆ ಪೂರ್ಣ ಮತಪತ್ರ ಕೊಡಲು ಹೇಳಿ ಆ ಚುನಾವಣೆಯ ಮಟ್ಟಿಗೆ ಸಮಸ್ಯೆ ಬಗೆಹರಿಸಿತು.

ಕ್ಯಾನ್ಸಸ್ ರಾಜ್ಯದ ಅನುಭವ ಇನ್ನೂ ಸ್ಪಷ್ಟವಾದದ್ದು, ಈ ವಿಷಯದಲ್ಲಿ ನನಗೆ ಸಿಕ್ಕ ಅತ್ಯುತ್ತಮ ಸಾಕ್ಷ್ಯವೂ ಅದೇ, ಏಕೆಂದರೆ ಅಲ್ಲಿ ಎರಡೂ ಕಡೆಯ ತಜ್ಞರನ್ನು ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ನಡೆಯಿತು. 2011ರ ಕಾನೂನಿನ ಪೌರತ್ವ ದಾಖಲೆಯ ನಿಯಮ 2013ರ ಜನವರಿಯಿಂದ ಜಾರಿಗೆ ಬಂತು. ಅದರ ಶಿಲ್ಪಿ ರಾಜ್ಯದ ಕಾರ್ಯದರ್ಶಿ ಕ್ರಿಸ್ ಕೋಬಾಕ್. ವಲಸೆ ವಿರೋಧಿ ಕಾನೂನುಗಳ ಕರಡು ಬರೆಯುವುದರಲ್ಲಿ ಆಗಲೇ ಹೆಸರಾಗಿದ್ದವರು. 2018ರಲ್ಲಿ ಒಕ್ಕೂಟ ನ್ಯಾಯಾಧೀಶೆ ಜೂಲಿ ರಾಬಿನ್ಸನ್ ಕೊಟ್ಟ ತೀರ್ಪಿನ ಪ್ರಕಾರ 31,000ಕ್ಕೂ ಹೆಚ್ಚು ಅರ್ಜಿಗಳು ದಾಖಲೆ ಇಲ್ಲವೆಂಬ ಕಾರಣಕ್ಕೆ ತಡೆಹಿಡಿಯಲ್ಪಟ್ಟಿದ್ದವು ಅಥವಾ ರದ್ದಾಗಿದ್ದವು. ಇದು ಹೊಸ ಅರ್ಜಿಗಳ ಸುಮಾರು ಶೇ. 12. ಇದಕ್ಕೆ ಎದುರಾಗಿ, 19 ವರ್ಷಗಳಲ್ಲಿ ರಾಜ್ಯದ ಮತದಾರರ ಪಟ್ಟಿಗೆ ಸೇರಿಕೊಂಡ ಪೌರರಲ್ಲದವರು ಹೆಚ್ಚೆಂದರೆ 39 ಮಂದಿ. ಅವರಲ್ಲೂ ಹಲವರು ಕಚೇರಿಯ ಗುಮಾಸ್ತರ ಕೈತಪ್ಪಿನಿಂದ ಸೇರಿದವರು. ವಿಚಾರಣೆಯಲ್ಲಿ ಸ್ವತಃ ವಾದಿಸಿದ್ದ ಕೋಬಾಕ್ ಅವರಿಗೆ ಆರು ಗಂಟೆಗಳ ಹೆಚ್ಚುವರಿ ಕಾನೂನು ಶಿಕ್ಷಣ ಪಡೆಯಬೇಕೆಂದೂ ನ್ಯಾಯಾಧೀಶೆ ಆದೇಶಿಸಿದರು. 2020ರಲ್ಲಿ ಮೇಲ್ಮನವಿಯ ನ್ಯಾಯಾಲಯ ತೀರ್ಪನ್ನು ಎತ್ತಿಹಿಡಿಯಿತು. ಶಾಸಕರಾಗಿದ್ದಾಗ ಆ ಕಾನೂನನ್ನು ಬೆಂಬಲಿಸಿದ್ದ, ಈಗಿನ ರಾಜ್ಯ ಕಾರ್ಯದರ್ಶಿ, ರಿಪಬ್ಲಿಕನ್ ಪಕ್ಷದವರೇ ಆದ ಸ್ಕಾಟ್ ಶ್ವಾಬ್, ಕ್ಯಾನ್ಸಸ್‌ನಲ್ಲಿ ಇದನ್ನು ಮಾಡಿ ನೋಡಿ ಆಗಿದೆ, ಅದು ಚೆನ್ನಾಗಿ ನಡೆಯಲಿಲ್ಲ ಎಂಬ ಅರ್ಥದ ಮಾತನ್ನು 2024ರಲ್ಲಿ ಆಡಿದರು.

ಪೌರರಲ್ಲದವರ ಮತದಾನ ಎಷ್ಟು ನಡೆಯುತ್ತದೆ ಎಂಬುದಕ್ಕೆ ಬೇರೆ ರಾಜ್ಯಗಳ ಲೆಕ್ಕಪರಿಶೋಧನೆಗಳೂ ಇವೆ. ಉತ್ತರ ಕ್ಯಾರೊಲೈನದಲ್ಲಿ 2016ರಲ್ಲಿ ಚಲಾವಣೆಯಾದ ಸುಮಾರು 48 ಲಕ್ಷ ಮತಗಳಲ್ಲಿ ಇಂಥವು 41. ಜಾರ್ಜಿಯದಲ್ಲಿ 2024ರಲ್ಲಿ ಪಟ್ಟಿಯ 82 ಲಕ್ಷ ಹೆಸರುಗಳಲ್ಲಿ ಸಿಕ್ಕವರು 20. ಇವು ಆಯಾ ರಾಜ್ಯದ ಅಧಿಕಾರಿಗಳೇ ಹುಡುಕಿ ತೆಗೆದ ಸಂಖ್ಯೆಗಳು. ಒಕ್ಕೂಟದ ಚುನಾವಣೆಯಲ್ಲಿ ಪೌರರಲ್ಲದವರು ಮತ ಹಾಕುವುದು 1996ರ ಕಾನೂನಿನಂತೆ ಅಪರಾಧ, ಸಿಕ್ಕಿಬಿದ್ದರೆ ಗಡೀಪಾರು. ಒಂದು ಮತಕ್ಕಾಗಿ ಅಷ್ಟನ್ನು ಪಣಕ್ಕಿಡುವವರು ವಿರಳ ಎಂಬುದು ಊಹೆಗೂ ನಿಲುಕುವ ಸಂಗತಿ.

ಸಮೀಕ್ಷೆಯ ಶೇಕಡಾವಾರಿಗೂ ನಿಜವಾದ ಮತಪತ್ರಕ್ಕೂ ಇರುವ ಅಂತರವನ್ನು ಅಳೆಯಲು ಅಮೆರಿಕ ಒಂದು ಒಳ್ಳೆಯ ಪ್ರಯೋಗಶಾಲೆ, ಏಕೆಂದರೆ ಅನೇಕ ರಾಜ್ಯಗಳಲ್ಲಿ ಇದೇ ಪ್ರಶ್ನೆ ನೇರವಾಗಿ ಜನರ ಮುಂದೆ ಬಂದಿದೆ. ಮಿನೆಸೋಟದಲ್ಲಿ 2011ರ ಮೇ ತಿಂಗಳ ಸಮೀಕ್ಷೆಯೊಂದು ಚೀಟಿಗೆ ಶೇ. 80ರ ಬೆಂಬಲ ತೋರಿಸಿತ್ತು. 2012ರ ನವೆಂಬರ್‌ನಲ್ಲಿ ಸಂವಿಧಾನ ತಿದ್ದುಪಡಿಯಾಗಿ ಅದು ಮತಕ್ಕೆ ಬಿದ್ದಾಗ ಸಿಕ್ಕ 'ಹೌದು' ಸುಮಾರು ಶೇ. 46, ತಿದ್ದುಪಡಿ ಸೋತಿತು. ಆ ಒಂದೂವರೆ ವರ್ಷದಲ್ಲಿ ನಡೆದದ್ದು ಖರ್ಚಿನ ಚರ್ಚೆ, ಅಂದೇ ನೋಂದಾಯಿಸಿ ಮತ ಹಾಕುವ ಆ ರಾಜ್ಯದ ಪದ್ಧತಿಗೆ ಏನಾದೀತೆಂಬ ಚರ್ಚೆ, ಹೊರದೇಶದಲ್ಲಿರುವ ಸೈನಿಕರ ಚರ್ಚೆ. ಮೇನ್ ರಾಜ್ಯದಲ್ಲಿ 2025ರ ನವೆಂಬರ್‌ನಲ್ಲಿ ಚೀಟಿಯ ಜೊತೆಗೆ ಅಂಚೆ ಮತದ ಮೇಲಿನ ನಿರ್ಬಂಧಗಳನ್ನೂ ಸೇರಿಸಿದ ಪ್ರಸ್ತಾವ ಬಂತು, ಸುಮಾರು ಶೇ. 64 ಮಂದಿ ತಿರಸ್ಕರಿಸಿದರು. ಇದಕ್ಕೆ ವಿರುದ್ಧದ ಉದಾಹರಣೆಗಳೂ ಇವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ನೆವಾಡದಲ್ಲಿ 2024ರಲ್ಲಿ ಶೇ. 73 ಮಂದಿ ಹೌದು ಎಂದರು. ವಿಸ್ಕಾನ್ಸಿನ್‌ನಲ್ಲಿ 2025ರ ಏಪ್ರಿಲ್ 1ರಂದು ಚೀಟಿಯನ್ನು ಸಂವಿಧಾನಕ್ಕೆ ಸೇರಿಸಲು ಸುಮಾರು ಶೇ. 63 ಮಂದಿ ಒಪ್ಪಿದರು. ಅದೇ ದಿನ, ಅದೇ ಮತದಾರರು ರಾಜ್ಯದ ಸುಪ್ರೀಂ ಕೋರ್ಟ್‌ಗೆ ಉದಾರವಾದಿ ಅಭ್ಯರ್ಥಿಯನ್ನು ಸುಮಾರು ಹತ್ತು ಅಂಶಗಳ ಅಂತರದಿಂದ ಆರಿಸಿದರು. ಆ ರಾಜ್ಯದಲ್ಲಿ ಚೀಟಿಯ ನಿಯಮ ಮೊದಲೇ ಚಾಲ್ತಿಯಲ್ಲಿತ್ತು, ಜನ ಅದಕ್ಕೆ ಒಗ್ಗಿಹೋಗಿದ್ದರು. ರೂಢಿಯಲ್ಲಿರುವುದನ್ನು ಒಪ್ಪುವುದು ಸುಲಭ. ತನ್ನ ಅಂಚೆ ಮತಕ್ಕೆ ಹೊಸ ಗೊಂದಲ ಬಂದೀತೆಂದು ಮತದಾರನಿಗೆ ಅನಿಸಿದಾಗ ಮಾತ್ರ ಆ ಎಂಬತ್ತು ಚದುರುತ್ತದೆ.

ಅರಿಜೋನ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ, ಗಡಿ ಮತ್ತು ಚೀಟಿ ಎರಡರ ಬಗ್ಗೆಯೂ ಅಲ್ಲಿ ಜನ ಬೇರೆ ಬೇರೆಯಾಗಿ ಮತ ಹಾಕಿದ್ದಾರೆ. 2022ರಲ್ಲಿ ಅಂಚೆ ಮತಕ್ಕೂ ಜನ್ಮದಿನಾಂಕ ಮತ್ತು ಗುರುತಿನ ಸಂಖ್ಯೆ ಬರೆಯಬೇಕೆಂಬ ಪ್ರಸ್ತಾವ 309 ಕೂದಲೆಳೆಯ ಅಂತರದಲ್ಲಿ, ಶೇ. 50.4ರಷ್ಟು ವಿರೋಧದಿಂದ, ಬಿದ್ದುಹೋಯಿತು. ಎರಡು ವರ್ಷದ ನಂತರ, ಅಕ್ರಮವಾಗಿ ಗಡಿ ದಾಟುವುದನ್ನು ರಾಜ್ಯದ ಅಪರಾಧವನ್ನಾಗಿಸುವ ಪ್ರಸ್ತಾವ 314 ಸುಮಾರು ಶೇ. 63ರಷ್ಟು ಬೆಂಬಲದಿಂದ ಗೆದ್ದಿತು. ರಾಷ್ಟ್ರೀಯ ಸಮೀಕ್ಷೆಗಳನ್ನು ನಂಬಿದರೆ ಚೀಟಿ ಗೆಲ್ಲಬೇಕಿತ್ತು, ಗಡಿಯ ಕಲಮು ತುಸು ಕಷ್ಟಪಡಬೇಕಿತ್ತು. ಆದದ್ದು ತಿರುವುಮುರುವು. ಕಾರಣ ಗೂಢವಾದದ್ದೇನಲ್ಲ: ಅರಿಜೋನದ ಬಹುಪಾಲು ಮತದಾರರು ಅಂಚೆಯಲ್ಲೇ ಮತ ಹಾಕುವವರು. 309ರ ತೊಡಕು ಅವರ ಊಟದ ಮೇಜಿನ ಮೇಲೆ ಬಂದು ಕೂರುವಂಥದ್ದು. 314ರ ಭಾರ ಬೀಳುವುದು ಇನ್ನೊಬ್ಬರ ಮೇಲೆ. ಅದರ ಮುಖ್ಯ ಕಲಮು ಟೆಕ್ಸಾಸ್‌ನ ಇಂಥದೇ ಕಾನೂನು ಜಾರಿಯಾಗುವವರೆಗೆ ನಿದ್ರಿಸುತ್ತಿರುತ್ತದೆ ಎಂಬ ಷರತ್ತೂ ಇತ್ತು.

ಪ್ರಶ್ನೆ ಕೇಳುವ ಧಾಟಿಯೂ ಅಂಕಿಯನ್ನು ಬದಲಿಸುತ್ತದೆ. ಡೇವಿಡ್ ವಿಲ್ಸನ್ ಮತ್ತು ಪಾಲ್ ಬ್ರೂವರ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಹರಾದವರೂ ಮತ ಹಾಕಲಾಗದೆ ಹೋಗಬಹುದು ಎಂಬ ಮಾತನ್ನು ಸೇರಿಸಿ ಕೇಳಿದಾಗ ಬೆಂಬಲ ಕಡಿಮೆಯಾಯಿತು. ಆದರೂ ಬಹುಮತ ಬಹುಮತವಾಗಿಯೇ ಉಳಿಯಿತು. ಚೀಟಿಯ ವಿರೋಧಿಗಳು ಈ ಎರಡನೆಯ ಅರ್ಧವನ್ನು ಹೇಳುವುದಿಲ್ಲ.

ಜನಾಭಿಪ್ರಾಯ ಇಲ್ಲಿ ಬರೀ ಅಳತೆಯಾಗಿ ಉಳಿದಿಲ್ಲ, ಕಾನೂನಿನ ಸಮರ್ಥನೆಯೇ ಆಗಿದೆ. ಇಂಡಿಯಾನ ರಾಜ್ಯದ 2005ರ ಚೀಟಿ ಕಾನೂನನ್ನು ಸುಪ್ರೀಂ ಕೋರ್ಟ್ 2008ರಲ್ಲಿ ಕ್ರಾಫರ್ಡ್ ಪ್ರಕರಣದಲ್ಲಿ 6-3ರಿಂದ ಎತ್ತಿಹಿಡಿಯಿತು. ಮುಖ್ಯ ಅಭಿಪ್ರಾಯ ಬರೆದ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್, ಇಂಡಿಯಾನದ ಮತಗಟ್ಟೆಯಲ್ಲಿ ಬೇರೊಬ್ಬರ ಹೆಸರಿನಲ್ಲಿ ಮತ ಹಾಕಿದ ಒಂದೂ ಪ್ರಕರಣ ದಾಖಲೆಯಲ್ಲಿಲ್ಲ ಎಂದು ಒಪ್ಪಿಕೊಂಡರು. ಹಾಗಿದ್ದೂ, ಚುನಾವಣೆಯ ಪ್ರಾಮಾಣಿಕತೆಯ ಬಗ್ಗೆ ಜನರಿಗೆ ಇರುವ ವಿಶ್ವಾಸವೇ ಸ್ವತಂತ್ರವಾದ ಒಂದು ಮೌಲ್ಯ, ಅದನ್ನು ಕಾಪಾಡುವುದು ರಾಜ್ಯದ ನ್ಯಾಯಸಮ್ಮತ ಹಿತಾಸಕ್ತಿ ಎಂದರು. ತೀರ್ಪು ಬಂದ ಕೆಲವೇ ದಿನಗಳಲ್ಲಿ ನಡೆದ ಪ್ರಾಥಮಿಕ ಚುನಾವಣೆಯಲ್ಲಿ, ಸೌತ್ ಬೆಂಡ್ ಊರಿನ ಕಾನ್ವೆಂಟೊಂದರ ಹನ್ನೆರಡರಷ್ಟು ವಯೋವೃದ್ಧ ಕ್ರೈಸ್ತ ಸನ್ಯಾಸಿನಿಯರು ಚೀಟಿ ಇಲ್ಲದೆ ವಾಪಸಾದರು. ಮತಗಟ್ಟೆಯಲ್ಲಿ ಕೂತು ಅವರನ್ನು ತಡೆದವರೂ ಅದೇ ಮಠದ ಸನ್ಯಾಸಿನಿಯೇ; ಎಲ್ಲರನ್ನೂ ಹೆಸರು ಹಿಡಿದು ಬಲ್ಲವರು.

ಹಾಗಾದರೆ ಈ ಕಾನೂನುಗಳಿಂದ ಜನರ ವಿಶ್ವಾಸ ಹೆಚ್ಚುತ್ತದೆಯೇ? ಕ್ರಾಫರ್ಡ್ ತೀರ್ಪಿನ ವರ್ಷವೇ ಸ್ಟೀಫನ್ ಆನ್ಸೊಲಬಿಹೇರ್ ಮತ್ತು ನೇಥನಿಯಲ್ ಪರ್ಸಿಲಿ ಹಾರ್ವರ್ಡ್ ಕಾನೂನು ಪತ್ರಿಕೆಯಲ್ಲಿ ಬರೆದ ಅಧ್ಯಯನ ಇಲ್ಲ ಎನ್ನುತ್ತದೆ. ಕಟ್ಟುನಿಟ್ಟಿನ ನಿಯಮವಿರುವ ರಾಜ್ಯದವರೂ ಇಲ್ಲದ ರಾಜ್ಯದವರೂ ವಂಚನೆಯ ಬಗ್ಗೆ ಒಂದೇ ಪ್ರಮಾಣದಲ್ಲಿ ಶಂಕಿಸುತ್ತಾರೆ. ಶಂಕಿಸುವವರೂ ಉಳಿದವರಷ್ಟೇ ಮತ ಹಾಕುತ್ತಾರೆ. 2021ರಲ್ಲಿ ಎನ್ರಿಕೊ ಕಾಂಟೊನಿ ಮತ್ತು ವಿನ್ಸೆಂಟ್ ಪಾನ್ಸ್ ಒಂದು ದಶಕದ ದತ್ತಾಂಶವಿಟ್ಟುಕೊಂಡು ಪ್ರಕಟಿಸಿದ ಅಧ್ಯಯನ ಇದೇ ತೀರ್ಮಾನವನ್ನು ಬಲಪಡಿಸಿತು: ವಂಚನೆಯಲ್ಲಾಗಲಿ ವಂಚನೆಯ ಬಗೆಗಿನ ಭಾವನೆಯಲ್ಲಾಗಲಿ ಬದಲಾವಣೆಯಿಲ್ಲ. ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು. ಕಟ್ಟುನಿಟ್ಟಿನ ಚೀಟಿ ಕಾನೂನುಗಳಿಂದ ಒಟ್ಟು ಮತದಾನ ಕುಸಿಯಲಿಲ್ಲ, ಕರಿಯರಲ್ಲಾಗಲಿ ಹಿಸ್ಪಾನಿಕ್ ಸಮುದಾಯದಲ್ಲಾಗಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಇದರಿಂದ ಎರಡು ಪಾಳೆಯಗಳಿಗೂ ಸಮಾಧಾನವಾಗಲಿಲ್ಲ. ಕ್ಯಾನ್ಸಸ್‌ನ 31,000 ಅರ್ಜಿಗಳ ಮಾತು ಇದಕ್ಕೆ ವಿರುದ್ಧವಲ್ಲ: ಕಾಂಟೊನಿ ಮತ್ತು ಪಾನ್ಸ್ ಅಳೆದದ್ದು ಮತಗಟ್ಟೆಯ ಚೀಟಿಯನ್ನು, ಕ್ಯಾನ್ಸಸ್ ಕೇಳಿದ್ದು ನೋಂದಣಿಗೆ ಮುನ್ನ ಪೌರತ್ವದ ದಾಖಲೆಯನ್ನು. ಸಮೀಕ್ಷೆಯಲ್ಲಿ 84 ಮತ್ತು 83 ಎಂದು ಅಕ್ಕಪಕ್ಕ ನಿಂತ ಎರಡು ನೀತಿಗಳಲ್ಲಿ ಮೊದಲನೆಯದರ ಹಾನಿ ಅಳತೆಗೆ ಸಿಗದಷ್ಟು ಸಣ್ಣದು, ಎರಡನೆಯದರ ಹಾನಿ ನ್ಯಾಯಾಲಯದ ಕಡತದಲ್ಲಿದೆ. ಈ ವ್ಯತ್ಯಾಸವನ್ನು ಅಳಿಸಿ ಎರಡನ್ನೂ 'ಮತದಾರರ ಗುರುತು' ಎಂಬ ಒಂದೇ ತಲೆಬರಹದಡಿ ಚರ್ಚಿಸುವವರು, ಪರವಿರಲಿ ವಿರೋಧವಿರಲಿ, ಓದುಗರನ್ನು ದಾರಿತಪ್ಪಿಸುತ್ತಾರೆ.

ಪೌರತ್ವದ ದಾಖಲೆಯನ್ನು ದೇಶದಾದ್ಯಂತ ಕಡ್ಡಾಯಗೊಳಿಸುವ 'ಸೇವ್' ಮಸೂದೆ ಅಮೆರಿಕದ ಕೆಳಮನೆಯಲ್ಲಿ 2024ರ ಜುಲೈನಲ್ಲಿ 221-198ರಿಂದಲೂ, 2025ರ ಏಪ್ರಿಲ್‌ನಲ್ಲಿ 220-208ರಿಂದಲೂ ಅಂಗೀಕಾರವಾಯಿತು. ಇದು ಅಲ್ಲಿ ಪೌರತ್ವ ಪಡೆದ ಕನ್ನಡಿಗರಿಗೂ ಸಂಬಂಧಿಸಿದ ಸಂಗತಿ. ಎಚ್-1ಬಿ ವೀಸಾದವರಿಗೂ ಹಸಿರು ಚೀಟಿಯವರಿಗೂ ಹೇಗೂ ಮತವಿಲ್ಲ. ಪೌರರಾದವರ ತೊಡಕು ಹೆಸರಿನದು. ನಮ್ಮ ಕಡೆಯವರಲ್ಲಿ ಹಲವರ ಭಾರತೀಯ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ. ಅಂಥವರ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ 'ಗೊತ್ತಿಲ್ಲ' ಎಂಬರ್ಥದ ಮೂರಕ್ಷರ ಬೀಳುತ್ತದೆ. ಮುಂದೆ ಒಂದು ದಾಖಲೆಯಲ್ಲಿ ಊರಿನ ಹೆಸರು, ಇನ್ನೊಂದರಲ್ಲಿ ತಂದೆಯ ಹೆಸರು, ಮತ್ತೊಂದರಲ್ಲಿ ಗಂಡನ ಹೆಸರು ಸೇರಿಕೊಳ್ಳುವುದು ಅಪರೂಪವಲ್ಲ. ಜಾರ್ಜಿಯ ರಾಜ್ಯ ಅಕ್ಷರಕ್ಕೆ ಅಕ್ಷರ ಹೊಂದಬೇಕೆಂದು ಪಟ್ಟು ಹಿಡಿದಾಗ 2018ರ ಚುನಾವಣೆಗೆ ಮುನ್ನ 53,000 ಅರ್ಜಿಗಳು ಬಾಕಿ ಬಿದ್ದಿದ್ದವು. ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿಟ್ಟುಕೊಂಡವರಿಗೆ ಚಿಂತೆ ಕಡಿಮೆ. ಇಲ್ಲದವರು ಪೌರತ್ವ ಪ್ರಮಾಣಪತ್ರವನ್ನೇ ಅವಲಂಬಿಸಬೇಕು, ಅದು ಕಳೆದರೆ ಹೊಸ ಪ್ರತಿಗೆ ಶುಲ್ಕ 500 ಡಾಲರ್‌ಗೂ ಮೇಲೆ. ಮೇಲೆ ಉಲ್ಲೇಖಿಸಿದ ಗ್ಯಾಲಪ್ ಮತ್ತು ಪ್ಯೂ ಪ್ರಶ್ನೆಗಳಲ್ಲಿ ಈ ಖರ್ಚಿನ ಪ್ರಸ್ತಾಪವಿಲ್ಲ.